ಕಂಬದ ಮರೆಯಿಂದ ಯೋರ್ದನ್ ಹೊಳೆಗೆ

ಹೊರಡುವ ಮುಂಚೆ: ಕುರುಗೋಡು, ಬಳ್ಳಾರಿ

ಪುಣ್ಯಕ್ಷೇತ್ರಕ್ಕೆ ಭಕ್ತಿ ಉಕ್ಕಿ ಹೋಗುವವರುಂಟು. ನಾನು ಹೋದದ್ದು ಜನರ ಕಾಟ ತಾಳಲಾರದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಹಗುರ, ನನಗೂ ಹಗುರ.

ನಾನು ಸಿರುಗುಪ್ಪದ ಪ್ರೌಢಶಾಲೆಯೊಂದರಲ್ಲಿ ಗಣಿತದ ಟೀಚರು. ಮನೆ ಬಳ್ಳಾರಿಯಲ್ಲಿ. ಭಾನುವಾರ ಬೆಳಿಗ್ಗೆ ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತೇನೆ. ನನ್ನ ಗಂಡ ಹೋದ ವರ್ಷ ಊಟಕ್ಕೆ ಕೂತಲ್ಲೇ ಕುಸಿದು ತೀರಿಕೊಂಡರು. ಅಂದಿನಿಂದ ನನಗೆ ಪ್ರಾರ್ಥನೆ ಮಾಡುವುದು ಆಗದೇ ಹೋಯಿತು. ಕಣ್ಣು ಮುಚ್ಚುತ್ತಿದ್ದೆ, ತುಟಿ ಅಲುಗುತ್ತಿತ್ತು, ಬಾಯಿಪಾಠದ ಮಾತು ಒಂದೂ ತಪ್ಪುತ್ತಿರಲಿಲ್ಲ. ಆದರೆ ಖಾಲಿ ಕ್ಲಾಸಿನಲ್ಲಿ ಹಾಜರಿ ಕೂಗಿದಂತೆ, ಅತ್ತ ಕಡೆಯಿಂದ ಯಾರೂ ‘ಎಸ್ ಮಿಸ್’ ಅನ್ನುತ್ತಿರಲಿಲ್ಲ.

ಈ ಮಾತನ್ನು ನಾನು ಒಬ್ಬಳಿಗೆ ಮಾತ್ರ ಹೇಳಿದೆ. ಅವಳು ನನ್ನ ಗಂಡನ ತಂಗಿ ಕರುಣಮ್ಮ, ಕುರುಗೋಡಿನವಳು. ಅವಳ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತಳು. ಅಂದು ಎದೆ ಎಷ್ಟು ಹಗುರವಾಯಿತೆಂದರೆ, ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಮನೆಗೆ ಬಂದೆ.

ಮುಂದಿನ ಶುಕ್ರವಾರ ಸ್ತ್ರೀಯರ ಕೂಟ. ನಮ್ಮಲ್ಲಿ ಕೂಟದ ಕೊನೆಗೆ ‘ಪ್ರಾರ್ಥನಾ ವಿಷಯ ಇದ್ದರೆ ಹೇಳ್ರಿ’ ಎನ್ನುವ ಪದ್ಧತಿ. ಒಬ್ಬಳು ಮಗನ ಪರೀಕ್ಷೆ ಅನ್ನುತ್ತಾಳೆ, ಒಬ್ಬಳು ಮೊಣಕಾಲು ನೋವು ಅನ್ನುತ್ತಾಳೆ, ಎಲ್ಲರೂ ಸೇರಿ ಅದಕ್ಕಾಗಿ ಬೇಡುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಇನ್ನೊಬ್ಬರ ಗುಟ್ಟನ್ನು ಊರಿಗೆ ಹಂಚಬೇಕಾದರೆ ಇದಕ್ಕಿಂತ ಮರ್ಯಾದೆಯ ದಾರಿ ಇನ್ನೊಂದಿಲ್ಲ. ಕೂಟದಲ್ಲಿ ಎಲ್ಲರಿಗೂ ಪ್ರಾರ್ಥನೆ ಹೇಳಿಕೊಡುವವಳೇ ಕರುಣಮ್ಮ. ಅವಳು ಎದ್ದು ನಿಂತಳು. ಗಂಟಲು ಸರಿಮಾಡಿಕೊಂಡಳು. “ನಮ್ಮ ಅತ್ತಿಗಿ ಸಲುವಾಗಿ ಭಾರದಿಂದ ಪ್ರಾರ್ಥನಿ ಮಾಡ್ರಿ. ಆಕಿಗೆ ಪ್ರಾರ್ಥನಿ ಬರವಲ್ದು” ಎಂದಳು. ನಾನು ಎರಡನೆಯ ಸಾಲಿನಲ್ಲೇ ಕೂತಿದ್ದೆ.

ಅಲ್ಲಿಂದ ಶುರುವಾಯಿತು. ದಿನ ಬಿಟ್ಟು ದಿನ ಮನೆಗೆ ಹೆಂಗಸರ ದಂಡು. ಕೈಯಲ್ಲಿ ಬಾಳೆಹಣ್ಣು, ಬಿಸ್ಕತ್ತು, ಎಣ್ಣೆಯ ಸೀಸೆ. ಒಬ್ಬಾಕೆ ಇದು ಸೈತಾನನ ದಾಳಿ ಎಂದಳು. ಇನ್ನೊಬ್ಬಾಕೆ ಒಪ್ಪಿಕೊಳ್ಳದ ಪಾಪ ಏನೋ ಒಳಗೈತಿ, ನೆನಪು ಮಾಡಿಕೊಳ್ಳಿ ಎಂದು ಎದುರಿಗೇ ಕೂತು ಕಾದಳು. ದೇಶನೂರಿನ ಸುಭದ್ರಮ್ಮ, ನಮ್ಮ ಸಭೆಯಲ್ಲೇ ದೊಡ್ಡ ಗಂಟಲಿನಾಕೆ, ಅಡಿಗೆಮನೆಯ ಗೋಡೆಯ ಮೇಲಿದ್ದ ಅಕ್ಕಿ ಗಿರಣಿಯವರ, ದೇವಿಯ ಚಿತ್ರವಿದ್ದ ಕ್ಯಾಲೆಂಡರ್ ತೆಗೆಸಿ, ನನ್ನ ತಲೆಗೆ ಎಣ್ಣೆ ಹಚ್ಚಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಪ್ರಾರ್ಥಿಸಿದಳು. ಪಕ್ಕದ ಮನೆಯವರು ಜಗಳವಾಗುತ್ತಿದೆ ಎಂದುಕೊಂಡು ಬಂದರು. ಜ್ವರ ಬಂದರೆ ಒಂದೇ ಔಷಧ ಕೊಡುತ್ತಾರೆ. ಆತ್ಮಕ್ಕೆ ಸುಸ್ತಾದರೆ ಮಾತ್ರ ಬೀದಿಗೊಬ್ಬ ವೈದ್ಯ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಪ್ರಭುಭೋಜನದ ದಿನ ರೊಟ್ಟಿ, ದ್ರಾಕ್ಷಾರಸ ಕೊಡುವ ಮುಂಚೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಮುಂದಿನ ಸಾಲಿನವರ ಜೋಡಿಸಿದ ಕೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿದು ಸಮಾಧಾನ ಕೊಡುತ್ತಾರೆ. ಅವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ, ಹೀಗೆ ಕೈಯಿಂದ ಕೈಗೆ ಅದು ಹಿಂದಿನ ಬೆಂಚಿನವರೆಗೆ ಬರುತ್ತದೆ. ಮನಸ್ತಾಪ ಇಟ್ಟುಕೊಂಡವರು ಅದನ್ನು ತೀರಿಸಿಕೊಳ್ಳದೆ ಭೋಜನಕ್ಕೆ ಹೋಗಬಾರದು ಎಂಬುದು ಅದರ ಅರ್ಥ. ನಾನು ಕರುಣಮ್ಮನೊಂದಿಗೆ ಮಾತು ಬಿಟ್ಟೆ. ಜಾಗವನ್ನೂ ಬದಲಿಸಿದೆ. ಕೊನೆಯ ಬೆಂಚಿನ ತುದಿಯಲ್ಲಿ ಒಂದು ಕಂಬವಿದೆ. ಅದರ ಆಚೆ ಒಬ್ಬರೇ ಕೂರಬಹುದು. ಅಲ್ಲಿಗೆ ಸಮಾಧಾನ ತಲುಪುವುದಿಲ್ಲ.

ಇಷ್ಟಾದ ಮೇಲೂ ಅಯ್ಯನವರು ಜೋರ್ಡಾನ್ ದೇಶಕ್ಕೆ ಪ್ರವಾಸ ಹೊರಡಿಸಿದಾಗ ಕರುಣಮ್ಮ ನನ್ನನ್ನು ಕೇಳದೇ ನನ್ನ ಹೆಸರು ಕೊಟ್ಟಳು. ಬೇಡವೆಂದರೆ ಅದಕ್ಕೊಂದು ಉಪವಾಸ ಕೂಟ ಇಡುತ್ತಾರೆಂದು ಒಪ್ಪಿಕೊಂಡೆ. ಒಳಗೊಂದು ಆಸೆಯೂ ಇತ್ತು, ಯಾಕೆ ಸುಳ್ಳು ಹೇಳಲಿ? ಯೇಸು ದೀಕ್ಷಾಸ್ನಾನಕ್ಕೆ ಮುಳುಗಿ ಎದ್ದ ಯೋರ್ದನ್ ಹೊಳೆಯ ದಂಡೆಯಲ್ಲಾದರೂ ಒಂದು ಮಾತು ಹುಟ್ಟೀತು ಎಂದುಕೊಂಡೆ. ಹುಟ್ಟದಿದ್ದರೆ ಬಂದವಳೇ ಸಂಡೇ ಸ್ಕೂಲ್ ಬಿಡುವುದು, ದೇವಾಲಯದ ಕಡೆ ತಲೆ ಹಾಕದಿರುವುದು ಎಂದು ತೀರ್ಮಾನಿಸಿದೆ. ನನಗೇ ಬಾರದ್ದನ್ನು ಮಕ್ಕಳಿಗೆ ಕಲಿಸುವುದು ಯಾವ ನ್ಯಾಯ?

ಅಮ್ಮಾನ್

ಹೋಟೆಲಿನಲ್ಲಿ ಕೋಣೆಗೆ ಇಬ್ಬರು. ನನಗೆ ಜೊತೆ ಯಾರು ಎಂದು ಹೇಳಬೇಕಾಗಿಲ್ಲ.

ಪೆಟ್ಟಿಗೆ ತೆರೆದರೆ ಘಮ್ಮೆಂದಿತು. ಯೋರ್ದನ್ ಹೊಳೆಗೆಂದು ನಾವೆಲ್ಲ ಹೆಂಗಸರು ಒಂದೇ ತರಹದ ಬಿಳಿ ಸೀರೆ ತಂದಿದ್ದೆವು. ಕರುಣಮ್ಮ ತನ್ನ ಪೆಟ್ಟಿಗೆಯಲ್ಲಿ ಜಾಗವಿಲ್ಲವೆಂದು ಶೇಂಗಾ ಚಟ್ನಿಪುಡಿಯ ಪೊಟ್ಟಣವನ್ನು ನನ್ನ ಪೆಟ್ಟಿಗೆಗೆ ಸೇರಿಸಿದ್ದಳು. ಅದು ವಿಮಾನದಲ್ಲಿ ಒಡೆದು ನನ್ನ ಸೀರೆಗೆ ದೀಕ್ಷಾಸ್ನಾನ ಮಾಡಿಸಿತ್ತು. ಒಗೆದೆ. ಎಣ್ಣೆಯ ಖಾರ ಬಿಟ್ಟೀತೇ? ಬಿಳಿ ಸೀರೆ ಎಂಬುದು ಬಳ್ಳಾರಿಯ ಕೆಂಪು ಧೂಳಿನಲ್ಲಿ ಹೊರಳಿ ಬಂದಂತಾಯಿತು. ಕರುಣಮ್ಮ ಬಾಗಿಲಲ್ಲಿ ನಿಂತು ನೋಡಿ, ತನ್ನ ಸೀರೆ ಉಡು ಎಂದಳು. ನಾನು ಕಲೆಯ ಸೀರೆಯನ್ನೇ ಒಣಗಲು ಹರವಿದೆ.

ಬೆಳಗಾದರೆ ಅವಳ ಪ್ರಾರ್ಥನೆ. ಮಂಚದ ಪಕ್ಕ ಮೊಣಕಾಲೂರಿ, ಜೋರಾಗಿ, ನಿಲ್ಲಿಸದೆ. ಸಭೆ, ಸಭಾಪಾಲಕರು, ಪೈಲಟ್, ಹೋಟೆಲಿನ ಅಡಿಗೆಯವರು, ಎಲ್ಲರೂ ಬಂದರು. ನಡುನಡುವೆ ನಾನೂ ಬರುತ್ತಿದ್ದೆ: “ತಂದೆ, ನಮ್ಮ ಅತ್ತಿಗಿಯ ಕಲ್ಲಿನ ಹೃದಯ ತೆಗೀ.” ಕಲ್ಲಿನ ಹೃದಯದವಳು ಎರಡು ಮಾರು ದೂರದಲ್ಲಿ ಹೊದಿಕೆ ಎಳೆದುಕೊಂಡು ಹಲ್ಲು ಕಡಿಯುತ್ತಿದ್ದಳು. ಇಷ್ಟು ಸಲೀಸಾಗಿ ಪ್ರಾರ್ಥನೆ ಬರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ.

ನಮ್ಮ ಗೈಡ್ ಇಸ್ಸಾ ಎಂಬಾತ. ಕತ್ತಿನಲ್ಲಿ ಶಿಲುಬೆ, ಬಾಯಲ್ಲಿ ಮಾತಿಗೊಮ್ಮೆ ‘ಇನ್ಶಾ ಅಲ್ಲಾಹ್’, ಅಂದರೆ ದೇವರ ಚಿತ್ತವಿದ್ದರೆ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದರೆ ಅದೇ, ಊಟದಲ್ಲಿ ಮೊಸರಿದೆಯೇ ಎಂದರೆ ಅದೇ. ನಮ್ಮೂರ ಕಡೆ ‘ನೋಡೋಣಂತ್ರಿ’ ಎಂದರೆ ಯಾವ ಕೆಲಸ ಎಷ್ಟು ಆಗುತ್ತದೆಯೋ ಇದರಿಂದಲೂ ಅಷ್ಟೇ ಆಗುತ್ತಿತ್ತು. ಕರುಣಮ್ಮನಿಗೆ ಆತ ನಮ್ಮವನೋ ಅಲ್ಲವೋ ಎಂಬ ಚಿಂತೆ ಹತ್ತಿತು. ಇಲ್ಲಿಯ ಕ್ರೈಸ್ತರು ದೇವರನ್ನು ಕರೆಯುವುದೇ ಆ ಹೆಸರಿನಿಂದ ಎಂದು ಇಸ್ಸಾ ನಗುತ್ತ ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಆತನ ಹೆಸರನ್ನೂ ಮರುದಿನದ ಪ್ರಾರ್ಥನೆಗೆ ಸೇರಿಸಿದಳು. ನನಗೊಬ್ಬ ಜೊತೆಗಾರ ಸಿಕ್ಕ ಎಂದುಕೊಂಡೆ. ಬಜಾರಿನಲ್ಲಿ ಮಾತ್ರ ನನಗೆ ಖುಷಿಯಾಯಿತು. ಅವರೂ ಕುರ್ಚಿಗೆ ಕುರ್ಸಿ ಅನ್ನುತ್ತಾರೆ, ಸಾಬೂನಿಗೆ ಸಾಬೂನ್ ಅನ್ನುತ್ತಾರೆ. ಅರ್ಧ ಅರಬ್ಬಿಯನ್ನು ಬಳ್ಳಾರಿಯ ಸಂತೆಯಲ್ಲೇ ಕಲಿತಿದ್ದೇನೆ ಎಂದುಕೊಂಡೆ.

ಮಾದಬಾ

ಮಾದಬಾದ ದೇವಾಲಯದ ನೆಲದಲ್ಲಿ ಬಣ್ಣದ ಕಲ್ಲಿನ ಚೂರುಗಳಿಂದ ಮಾಡಿದ ಹಳೆಯ ನಕಾಶೆ ಇದೆ. ಅದನ್ನು ನೋಡಿದ ಮೇಲೆ ಇಸ್ಸಾ ನಮ್ಮನ್ನು ತನ್ನ ಸೋದರತ್ತೆಯ ಮನೆಗೆ ಕರೆದೊಯ್ದ. ಮುದುಕಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕೂರಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಕಾಫಿ ಕೊಟ್ಟಳು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಹಾಕಿದ ಕಹಿ ಕಷಾಯ. ಎಂಜಲು ಬಿಡಬಾರದೆಂದು ಗುಟಕ್ಕನೆ ಕುಡಿದು ಬಟ್ಟಲು ಚಾಚಿದೆ. ಮತ್ತೆ ಹಾಕಿದಳು. ಕುಡಿದೆ. ಮತ್ತೆ ಹಾಕಿದಳು. ಸಾಕು ಎಂದು ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ, ಕೈ ಮುಗಿದೆ. ಕೈ ಮುಗಿದದ್ದನ್ನು ಮೆಚ್ಚುಗೆ ಎಂದು ತಿಳಿದು ಇನ್ನೂ ಹಾಕಿದಳು. ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿದ ಮೇಲೆ ಇಸ್ಸಾ ನೋಡಿದ. ಸಾಕೆನಿಸಿದರೆ ಬಟ್ಟಲನ್ನು ಹೀಗೆ ಅಲುಗಾಡಿಸಿ ಕೊಡಬೇಕು, ಅಲುಗಾಡಿಸದಿದ್ದರೆ ಸುರಿಯುತ್ತಲೇ ಇರುವುದು ಅವರ ಧರ್ಮ ಎಂದು ತೋರಿಸಿಕೊಟ್ಟ. ನಾನು ಬಟ್ಟಲು ಅಲುಗಾಡಿಸಿದೆ. ಮುದುಕಿ ನಕ್ಕು ಕೂಜ ಕೆಳಗಿಟ್ಟಳು. ಬೇಜಾರಿಲ್ಲ, ಮುನಿಸಿಲ್ಲ.

ನನಗೆ ಹೊಟ್ಟೆ ಉರಿಯಿತು. ಕಾಫಿಯಿಂದಲ್ಲ. ಇಂಥದೊಂದು ಸನ್ನೆ ನಮ್ಮ ಸಭೆಯಲ್ಲಿ ಯಾಕಿಲ್ಲ? ಸುಭದ್ರಮ್ಮ ಎಣ್ಣೆ ಸೀಸೆ ತೆರೆದಾಗ ಏನನ್ನು ಅಲುಗಾಡಿಸಬೇಕಿತ್ತು ನಾನು?

ಅಷ್ಟರಲ್ಲಿ ಕರುಣಮ್ಮ ಇಸ್ಸಾನ ಕಿವಿಯ ಹತ್ತಿರ ಅರೆಬರೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಆತ ಮುದುಕಿಗೆ ಅರಬ್ಬಿಯಲ್ಲಿ ಹೇಳಿದ. ಮುದುಕಿ ನನ್ನ ಕಡೆ ತಿರುಗಿ, ಮರುಕದಿಂದ ನಾಲಿಗೆಯಲ್ಲಿ ಲೊಚಗುಟ್ಟಿದಳು. ಲೊಚಗುಟ್ಟುವುದಕ್ಕೆ ಭಾಷೆ ಬೇಕಿಲ್ಲ. ಕಡಲು ದಾಟಿ ಬಂದರೂ ನನ್ನ ಪ್ರಾರ್ಥನಾ ವಿಷಯ ನನಗಿಂತ ಮುಂಚೆ ಬಂದು ಕೂತಿತ್ತು. ಎದ್ದು ಹೊರಗೆ ಹೋಗಿ ಬಸ್ಸಿನಲ್ಲಿ ಕೂತುಕೊಂಡೆ.

ನೆಬೋ ಬೆಟ್ಟ

ಮೋಶೆ ಈ ಬೆಟ್ಟದ ಮೇಲೆ ನಿಂತು, ದೇವರು ತನ್ನ ಜನರಿಗೆ ಕೊಡುತ್ತೇನೆಂದಿದ್ದ ವಾಗ್ದಾನದ ದೇಶವನ್ನು ನೋಡಿದ, ಆದರೆ ಕಾಲಿಡಲಿಲ್ಲ. ಹತ್ತುವುದೇನೂ ಇಲ್ಲ, ಬಸ್ಸು ಮೇಲಿನವರೆಗೆ ಹೋಗುತ್ತದೆ. ನಮ್ಮ ಬಳ್ಳಾರಿ ಗುಡ್ಡ ಹತ್ತಿದವರಿಗೆ ಇದು ಗುಡ್ಡವೇ ಅಲ್ಲ. ಕೆಳಗೆ ಬೋಳು ಕಣಿವೆ, ದೂರದಲ್ಲಿ ಲವಣಸಮುದ್ರ ಮಸುಕಾಗಿ ಹೊಳೆಯುತ್ತಿತ್ತು. ಗಾಳಿ ಮಾತ್ರ ಸೆರಗು ನಿಲ್ಲಗೊಡಲಿಲ್ಲ.

ಅಯ್ಯನವರು ಅಲ್ಲೇ ಪ್ರಸಂಗ ಮಾಡಿದರು. ಆತ್ಮಿಕ ಹೋರಾಟವನ್ನು ಗುರುತಿಸುವ ಗುರುತುಗಳು, ಜಯಿಸುವ ಮೆಟ್ಟಿಲುಗಳು ಎಂದು ಬೆರಳು ಮಡಚುತ್ತ ಹೋದರು. ದೇವರ ವಾಕ್ಯ ಓದಬೇಕು, ಉಪವಾಸ ಮಾಡಬೇಕು, ಒಬ್ಬಂಟಿಯಾಗಿರಬಾರದು, ನಂಬಿಕೆಯನ್ನು ಪರೀಕ್ಷಿಸುವ ಶೋಧನೆ ಬಂದಾಗ ಸ್ತೋತ್ರ ಹಾಡಬೇಕು. ಒಳ್ಳೆಯ ಮನುಷ್ಯ, ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಬಾರದ ಹುಡುಗನಿಗೆ ಸೂತ್ರವನ್ನೇ ಮತ್ತೆ ಮತ್ತೆ ಹೇಳಿದರೆ ಏನು ಬಂತು? ಅವನು ಎಲ್ಲಿ ಸಿಕ್ಕಿಕೊಂಡಿದ್ದಾನೆಂದು ಯಾರಾದರೂ ನೋಡಬೇಕು. ಇಷ್ಟು ವರ್ಷ ಗಣಿತ ಹೇಳಿಕೊಟ್ಟು ನಾನು ಕಲಿತದ್ದು ಅದೊಂದೇ.

ನಾನು ಮೋಶೆಯನ್ನೇ ಯೋಚಿಸುತ್ತಿದ್ದೆ. ಗೊಣಗುವ ಜನರನ್ನು ಕಾಡಿನಲ್ಲಿ ಅಷ್ಟು ವರ್ಷ ಹೊತ್ತು ತಿರುಗಿ, ಒಂದು ದಿನ ರೋಸಿಹೋಗಿ, ನೀರು ಕೊಡೆಂದು ಬರೀ ಮಾತಾಡಬೇಕಿದ್ದ ಬಂಡೆಗೆ ಕೋಲಿನಿಂದ ಬಾರಿಸಿದ. ಅಷ್ಟಕ್ಕೇ ದೇವರು ಅವನನ್ನು ಆ ದೇಶದ ಒಳಗೆ ಬಿಡಲಿಲ್ಲವಲ್ಲ! ನನ್ನ ಗಂಡ ಯಾರಿಗೂ ಕೆಟ್ಟದ್ದು ಬಗೆದವರಲ್ಲ. ತಟ್ಟೆಯ ಮುಂದೆ ಕೂತಲ್ಲೇ ಕರೆದುಕೊಂಡೆಯಲ್ಲ, ಎರಡು ತುತ್ತು ತಿನ್ನಲಾದರೂ ಬಿಡಬಾರದಿತ್ತೇ ಎಂದು ಸಿಟ್ಟು ಉಕ್ಕಿ ಬಂತು. ಉಕ್ಕಿದಾಗ ತಿಳಿಯಿತು, ಇದು ಕರುಣಮ್ಮನ ಮೇಲಿನ ಸಿಟ್ಟಲ್ಲ. ಗಂಡನೊಂದಿಗೆ ಮುನಿಸಾದಾಗ ನಾನು ಮಾತಾಡುತ್ತಿರಲಿಲ್ಲ, ತಟ್ಟೆ ಕುಕ್ಕಿ ಬಡಿಸಿ ಒಳಗೆ ಹೋಗುತ್ತಿದ್ದೆ. ಈಗ ದೇವರಿಗೂ ಅದನ್ನೇ ಮಾಡುತ್ತಿದ್ದೆ. ಬಾಯಿಪಾಠ ಬಡಿಸಿ ಒಳಗೆ ಹೋಗುತ್ತಿದ್ದೆ. ನಂಬಿಕೆ ಹೋಗಿದೆ ಎಂದು ಹೆದರಿದ್ದೆ. ಇಲ್ಲದವರ ಮೇಲೆ ಯಾರಾದರೂ ಮುನಿಸಿಕೊಳ್ಳುತ್ತಾರೆಯೇ?

ಕಾಯಿಲೆಯ ಹೆಸರು ಗೊತ್ತಾಯಿತು, ಆದರೆ ಔಷಧ ಸಿಗಲಿಲ್ಲ. ಕಣ್ಣು ಮುಚ್ಚಿ ನೋಡಿದೆ. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಯೋರ್ದನ್ ಹೊಳೆ

ಇಷ್ಟು ಹಾಡುಗಳಲ್ಲಿ ಹಾಡಿ, ಇಷ್ಟು ಪ್ರಸಂಗಗಳಲ್ಲಿ ಕೇಳಿ, ಮನಸ್ಸಿನಲ್ಲಿ ನಾನು ತುಂಗಭದ್ರೆಯಷ್ಟಾದರೂ ದೊಡ್ಡ ಹೊಳೆ ಕಟ್ಟಿಕೊಂಡಿದ್ದೆ. ಕಂಡದ್ದು ಸಿರುಗುಪ್ಪದ ಗದ್ದೆಗಳಿಗೆ ನೀರು ಬಿಡುವ ಕಾಲುವೆಯಂಥದು. ಚಹಾದ ಬಣ್ಣದ ನೀರು, ಎರಡೂ ದಂಡೆಯಲ್ಲಿ ಜೊಂಡು. ಆಚೆ ದಂಡೆ ಇನ್ನೊಂದು ದೇಶ. ಅಲ್ಲಿ ಬಂದೂಕು ಹಿಡಿದ ಸೈನಿಕ ನಿಂತು ಆಕಳಿಸುತ್ತಿದ್ದ. ನಮ್ಮ ದೇಶನೂರಿನ ಹೆಂಗಸರು ಬಟ್ಟೆ ಒಗೆಯುವ ಜಾಗ ಇದಕ್ಕಿಂತ ಅಗಲ.

ಎಲ್ಲರೂ ಬಿಳಿ ಸೀರೆ, ನನ್ನದು ಚಟ್ನಿ ಸೀರೆ. ನೀರು ಮುಟ್ಟೋಣವೆಂದು ಮರದ ಮೆಟ್ಟಿಲಿಳಿದೆ. ಪಾಚಿಯ ಮೇಲೆ ಕಾಲು ಜಾರಿತು. ಸೊಂಟದವರೆಗೆ ಕೆಸರಿನಲ್ಲಿ ಕೂತೆ. ಆಚೆ ದಂಡೆಯ ಸೈನಿಕ ಆಕಳಿಕೆ ನಿಲ್ಲಿಸಿ ನೋಡಿದ. ಇಸ್ಸಾ, ಅಯ್ಯನವರು, ಎಲ್ಲರೂ ಅಯ್ಯೋ ಅನ್ನುವಷ್ಟರಲ್ಲಿ ಕರುಣಮ್ಮ ಇಳಿದು ಬಂದು ರಟ್ಟೆ ಹಿಡಿದು ಎಳೆದಳು. ಮೇಲೆ ತಂದು ತನ್ನ ಶಾಲು ಸುತ್ತಿ, ಬೆಂಚಿನಲ್ಲಿ ಕೂರಿಸಿ, ಪಕ್ಕದಲ್ಲಿ ಕೂತಳು. ಎದ್ದು ಬೇರೆ ಕಡೆ ಹೋಗೋಣವೆಂದರೆ ಸೀರೆಯಿಂದ ಕೆಸರು ಸೋರುತ್ತಿತ್ತು. ಕೂತೇ ಇದ್ದೆ.

ಆಗಲೇ ಅಯ್ಯನವರು ಪ್ರಭುಭೋಜನ ಶುರು ಮಾಡಿದರು. ಸಮಾಧಾನ ಹೊರಟಿತು. ಒಂದೊಂದೇ ಕೈ ದಾಟಿ ಬರುವುದು ಕಾಣುತ್ತಿತ್ತು. ಇಲ್ಲಿ ಕಂಬವಿಲ್ಲ. ಅದು ಕರುಣಮ್ಮನಿಗೆ ಬಂತು. ಅವಳು ತಗೊಂಡಳು. ನನ್ನ ಕಡೆ ತಿರುಗಿದಳು. ನಾನು ಹಲ್ಲು ಕಚ್ಚಿ ಕೈ ಜೋಡಿಸಿದೆ, ಜಗತ್ತಿನೆದುರು ಜಗಳ ಬೇಡವೆಂದು. ಆದರೆ ಅವಳ ಕೈ ಮುಂದೆ ಬರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು. ಕಣ್ಣಿಂದ ನೀರು ಇಳಿಯುತ್ತಿತ್ತು.

“ನನಗೂ ಬರವಲ್ದು ಅತ್ತಿಗಿ” ಎಂದಳು. “ಅಣ್ಣ ಹೋದಾಗಿಂದ ಬರವಲ್ದು. ಮುಂಜಾನಿ ಒದರತೀನಲ್ಲ, ಅದು ಬರೇ ಸಪ್ಪಳ. ನಿಲ್ಲಿಸಿದ್ರ ಒಳಗ ಏನೂ ಇಲ್ಲಂತ ನನಗ ಕೇಳಸ್ತೈತಿ, ಅದಕ್ಕ ಒದರತೀನಿ.”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಮುಂದುವರಿಸಿದಳು.

“ಅವತ್ತು ಕೂಟದಾಗ ನನ್ನ ಹೆಸರ ಹೇಳಾಕ ಎದ್ದಿದ್ದೆ. ಪ್ರಾರ್ಥನಿ ಹೇಳಿಕೊಡಾಕೀನ ನಾನು. ನನಗ ಬರವಲ್ದು ಅಂತ ಹೆಂಗ ಹೇಳ್ಲಿ? ಬಾಯಿಗೆ ನಿನ್ನ ಹೆಸರ ಬಂತು. ನಿನಗ ಮಾಡಿದ ಪ್ರಾರ್ಥನಿ ಒಂದೀಟು ನನಗೂ ಹತ್ತಲಿ ಅಂದ್ಕೊಂಡೆ.”

ಅಳು ಬರಬೇಕಾದ ಜಾಗದಲ್ಲಿ ನನಗೆ ಬಂದದ್ದು ಕೋಪ. ನೇರ ಕೋಪ, ನೆತ್ತಿಯವರೆಗೆ. ಅಂದರೆ ಆ ಎಣ್ಣೆ, ಆ ಬಾಳೆಹಣ್ಣು, ಕ್ಯಾಲೆಂಡರ್ ಕಿತ್ತದ್ದು, ಪಾಪ ನೆನಪು ಮಾಡಿಕೋ ಎಂದು ಎದುರಿಗೆ ಕೂತದ್ದು, ಇದೆಲ್ಲ ನಿನ್ನ ಕಾಯಿಲೆಗೆ ನಾನು ಕುಡಿದ ಕಷಾಯವೇ ಎಂದು ಕೇಳಿದೆ. ಅವಳು ಹೌದೆಂದು ತಲೆಯಾಡಿಸಿದಳು. ಒಂದು ವರ್ಷ ಒಂದೇ ಮನುಷ್ಯನಿಗಾಗಿ ಇಬ್ಬರೂ ಅಳುತ್ತ, ಒಬ್ಬರನ್ನೊಬ್ಬರು ನೋಡದೆ ಕೂತಿದ್ದೆವಲ್ಲ! ಅವಳಿಗೆ ಅಣ್ಣ, ನನಗೆ ಗಂಡ. ನೀನು ಹೇಗಿದ್ದೀ ಎಂದು ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಸಾಲಿನ ತುದಿಯಲ್ಲಿ ಅಯ್ಯನವರು ರೊಟ್ಟಿ ಹಿಡಿದು ಕಾಯುತ್ತಿದ್ದರು. ಕರುಣಮ್ಮ ಅಭ್ಯಾಸಬಲದಿಂದ ‘ಪರಲೋಕದ ತಂದೆಯೇ’ ಎಂದು ಜೋರಾಗಿ ಶುರು ಮಾಡಿದಳು. ನಾನು ಖಾಲಿ ಬಟ್ಟಲು ಹಿಡಿದಂತೆ ಬೆರಳು ಕೂಡಿಸಿ ಅವಳ ಮುಂದೆ ಅಲುಗಾಡಿಸಿದೆ. ಅವಳು ಬಾಯಿ ಮುಚ್ಚಿದಳು. ಆಮೇಲೆ ನಾನೇ ಅವಳ ಎರಡೂ ಕೈಗಳನ್ನು ನನ್ನ ಕೆಸರು ಕೈಗಳ ನಡುವೆ ಹಿಡಿದೆ. ಸಮಾಧಾನ ನಮ್ಮಲ್ಲಿ ಹಿಂದುಮುಂದಾಗಿ ಹೋಯಿತು. ಅಯ್ಯನವರು ರೊಟ್ಟಿ ಮುರಿದರು.

ಪ್ರಾರ್ಥನೆ ಬಂತೇ ಎಂದು ನೀವು ಕೇಳಬಹುದು. ಬರಲಿಲ್ಲ. ಹೊಳೆ ಹರಿಯುತ್ತಿತ್ತು, ಸೀರೆ ಒದ್ದೆಯಾಗಿತ್ತು. ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಕರುಣಮ್ಮ ಮೊಣಕಾಲೂರಲಿಲ್ಲ. ಇಬ್ಬರೂ ಮಂಚದ ತುದಿಯಲ್ಲಿ ಕೂತು ಉಳಿದ ಚಟ್ನಿಪುಡಿಯನ್ನು ಅಲ್ಲಿಯ ದಪ್ಪ ರೊಟ್ಟಿಗೆ ಹಚ್ಚಿಕೊಂಡು ತಿಂದೆವು, ಅವಳ ಅಣ್ಣನಿಗೆ ಶೇಂಗಾ ಪುಡಿಗೆ ಎಷ್ಟು ಬೆಳ್ಳುಳ್ಳಿ ಬೇಕಾಗುತ್ತಿತ್ತು ಎಂದು ಮಾತಾಡುತ್ತ.

ಮರಳಿ ಬಳ್ಳಾರಿ

ನನ್ನ ತೀರ್ಮಾನ ನೆನಪಿತ್ತು. ಹೊಳೆಯ ದಂಡೆಯಲ್ಲೂ ಮಾತು ಹುಟ್ಟಿರಲಿಲ್ಲ. ಬರುವ ಭಾನುವಾರ ಅಯ್ಯನವರಿಗೆ ಸಂಡೇ ಸ್ಕೂಲ್ ಬಿಡುವ ವಿಷಯ ಹೇಳಬೇಕಿತ್ತು. ಅದಕ್ಕೂ ಮುಂಚೆ ಶುಕ್ರವಾರ ಬಂತು.

ಪ್ರಾರ್ಥನಾ ವಿಷಯ ಎಂದರು. ಕರುಣಮ್ಮ ಎದ್ದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. “ಈ ಸಲ ನನ್ನ ಹೆಸರ ಹಾಕ್ಕೊಳ್ರಿ” ಎಂದಳು. “ಹೋದ ಸಲಾನೂ ನಂದ ಇತ್ತು.” ಹೇಳಿ ಕೂತಳು. ಆಮೇಲೆ ಸುಭದ್ರಮ್ಮ ಎದ್ದು, ನಾಳೆಯೇ ಎಲ್ಲರೂ ಕುರುಗೋಡಿಗೆ ಹೋಗೋಣ ಎಂದಳು.

ಶನಿವಾರ ಮಧ್ಯಾಹ್ನ ಬಸ್ಸಿನ ಮುಂದಿನ ಸೀಟುಗಳಲ್ಲಿ ಬಾಳೆಹಣ್ಣು, ಬಿಸ್ಕತ್ತು, ಎಣ್ಣೆಯ ಸೀಸೆ. ಹಿಂದಿನ ಸೀಟಿನಲ್ಲಿ ನಾನು. ಕರುಣಮ್ಮ ಫೋನು ಮಾಡಿ, ನನ್ನೊಬ್ಬಾಕಿನ್ನ ಅವರ ಕೈಯಾಗ ಬಿಡಬ್ಯಾಡ, ನೀನೂ ಬಾ ಎಂದಿದ್ದಳು. ಮುಂದೆ ಸುಭದ್ರಮ್ಮ ಪಕ್ಕದವಳಿಗೆ ಹೇಳುತ್ತಿದ್ದಳು, ಪರದೇಶಕ್ಕೆ ಹೋದಲ್ಲಿ ಏನೋ ಗಾಳಿ ಬಡಿದಿರಬೇಕು, ಇವತ್ತು ಒಂದು ತಾಸಾದರೂ ಪ್ರಾರ್ಥನೆ ಜಗ್ಗಬೇಕು ಎಂದು. ಗಂಟಲನ್ನೂ ಸರಿಮಾಡಿಕೊಳ್ಳುತ್ತಿದ್ದಳು. ನನಗೆ ಕರುಣಮ್ಮನ ಕಟ್ಟೆ ಕಣ್ಣಿಗೆ ಕಟ್ಟಿತು. ಅವಳ ತಲೆಯ ಮೇಲೆ ಆ ಎಣ್ಣೆ, ಕಿವಿಯ ಹತ್ತಿರ ಆ ಗಂಟಲು. ಪಾಪ, ಅವಳಿಗೆ ಇದರ ಅಭ್ಯಾಸವಿಲ್ಲ.

‘ಅಪ್ಪಾ ತಂದೀ’ ಎಂದೆ ಮನಸ್ಸಿನಲ್ಲೇ. ‘ನನಗ ನಿನ್ನ ಮ್ಯಾಲೆ ಸಿಟ್ಟೈತಿ, ಅದು ಇರಲಿ, ಅದನ್ನ ಆಮೇಲೆ ನೋಡ್ಕೊಳ್ಳೋಣು. ಈಗ ಆಕಿನ್ನ ಇವರ ಕೈಯಿಂದ ಕಾಪಾಡು. ಸುಭದ್ರಮ್ಮನ ಗಂಟಲ ಒಂದೀಟು ಹಿಡಕೋ. ಆಕಿ ಅಣ್ಣನ್ನ ಕಳಕೊಂಡಾಕಿ, ದೆವ್ವ ಹಿಡಿದಾಕಿ ಅಲ್ಲ.’

ಬಸ್ಸು ಕೋಳೂರು ಕ್ರಾಸ್ ದಾಟಿ ಕುಲುಕಿದಾಗ ನನಗೆ ತಿಳಿಯಿತು, ನಾನು ಕಣ್ಣು ಮುಚ್ಚಿದ್ದೆ. ಯಾರೂ ಮುಚ್ಚು ಎಂದಿರಲಿಲ್ಲ. ಹಾಗೇ ಸ್ವಲ್ಪ ಹೊತ್ತು ಮುಚ್ಚಿಕೊಂಡೇ ಇದ್ದೆ, ತೆರೆದರೆ ಹೋದೀತು ಎಂಬ ಹೆದರಿಕೆಯಿಂದ. ಮುಗಿಸುವುದು ಹೇಗೆಂದು ಮರೆತಿತ್ತು. ಕಂಡಕ್ಟರ್ ಭುಜದ ಹತ್ತಿರ ಬಂದು, ಕುರುಗೋಡಿಗೇನ್ರಿ ಎಂದು ಕೇಳಿದ.

ಹೌದು ಎಂದೆ.